ತಲೆ ಎಣಿಸಿ ಕೊಡುವ ಅನುದಾನ

ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಗಳಿಗೆ ವರ್ಷವರ್ಷ ಕೊಡುವ ಶಾಲಾ ಅನುದಾನದ ಕೋಷ್ಟಕ ನೋಡಲು ಬಲು ಅಚ್ಚುಕಟ್ಟು. ದಾಖಲಾತಿ 30ರವರೆಗಿದ್ದರೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, ಸಾವಿರದವರೆಗೆ 75,000, ಅದರಾಚೆ ಒಂದು ಲಕ್ಷ. ಯಾವ ಕಚೇರಿಯಲ್ಲೂ ತಕರಾರು ಏಳದಷ್ಟು ಸರಳ. ನನ್ನ ತಕರಾರು ಆ ಸರಳತೆಯ ಮೇಲೆಯೇ.

ಅದರ ಪರವಾದ ಮಾತನ್ನು ಮೊದಲು ಹೇಳಿಬಿಡುತ್ತೇನೆ. 30 ಮಕ್ಕಳ ಶಾಲೆಯಲ್ಲಿ ತಲಾ 333 ರೂಪಾಯಿ ಬೀಳುತ್ತದೆ, ಸಾವಿರ ಮಕ್ಕಳಿರುವಲ್ಲಿ ಬರೀ 75. ಸಣ್ಣ ಶಾಲೆಗೇ ಹೆಚ್ಚು ಸಿಕ್ಕಿತಲ್ಲ! ಆದರೆ ಈ ಹಣ ಹೋಗುವುದು ಎಲ್ಲಿಗೆ? ಸೀಮೆಸುಣ್ಣ, ಹಾಜರಿ ಪುಸ್ತಕ, ಪೊರಕೆ, ಫಿನಾಯಿಲ್, ನಲ್ಲಿ, ಬೀಗ, ಒಡೆದ ಹೆಂಚು, ಸುಣ್ಣಬಣ್ಣ. ಇದರಲ್ಲೇ ಕನಿಷ್ಠ ಶೇ 10 ಸ್ವಚ್ಛತೆಗೆ ಮೀಸಲು. ತೀರ್ಥಹಳ್ಳಿ, ಜೋಯಿಡಾ ಕಡೆಯ ಕಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಹನ್ನೆರಡೇ ಮಕ್ಕಳಿದ್ದಾರೆಂದು ಮಳೆ ಅರ್ಧ ಮಾಡಿಗಷ್ಟೇ ಸುರಿಯುವುದಿಲ್ಲ. ದೊಡ್ಡ ದುರಸ್ತಿಗೆ ಬೇರೆ ಬಾಬ್ತು ಇದೆ, ನಿಜ. ಅದು ಮಂಜೂರಾಗುವ ತನಕ ತೇಪೆ ಹಾಕಬೇಕಾದ್ದು ಈ ದುಡ್ಡಿನಲ್ಲೇ.

ಹಂತಗಳದ್ದು ಇನ್ನೊಂದು ವಿಚಿತ್ರ. ಮೂವತ್ತೊಂದನೆಯ ಮಗು ಸೇರಿದರೆ 15,000 ಹೆಚ್ಚು. ಒಂದು ಸಂಸಾರ ಗುಳೆ ಹೋದರೆ ಅಷ್ಟೂ ಖೋತಾ. ಕೊರತೆ ತುಂಬಿಸಲು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು (ಎಸ್‌ಡಿಎಂಸಿ) ಹಳೇ ವಿದ್ಯಾರ್ಥಿಗಳನ್ನೂ ಊರಿನ ದಾನಿಗಳನ್ನೂ ಹುಡುಕಿಕೊಂಡು ಹೊರಡುತ್ತಾರೆ. ಶಾಲೆಯ ಗೋಡೆಯ ಮೇಲಿನ ದಾನಿಗಳ ಹೆಸರಿನ ಪಟ್ಟಿ ಉದ್ದವಾದಷ್ಟೂ ನಾವೆಲ್ಲ ಹಿಗ್ಗುತ್ತೇವೆ. ನನಗೀಗ ಅದು ಸರ್ಕಾರದ ಬಾಕಿ ಪಟ್ಟಿಯಂತೆ ಕಾಣುತ್ತದೆ. ಕೊಡುಗೈಯವರಿಲ್ಲದ ಊರಿನ ಶಾಲೆ ಏನು ಮಾಡಬೇಕು?

ಬೇರೆ ದಾರಿ ಇಲ್ಲವೆಂದಲ್ಲ. 2023ರ ರಾಜ್ಯೋತ್ಸವದಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್, ನೀರು ಘೋಷಿಸಿದರು. ಅಲ್ಲಿ ಯಾರೂ ತಲೆ ಎಣಿಸಲಿಲ್ಲ. ಅನುದಾನಕ್ಕೂ ಇದೇ ಕ್ರಮ ಬರಲಿ: ಕಟ್ಟಡ, ಕೋಣೆ, ಮಳೆ ನೋಡಿ ಪ್ರತಿ ಶಾಲೆಗೊಂದು ಮೂಲ ಮೊತ್ತ, ಅದರ ಮೇಲೆ ಮಗುವಿಗಿಷ್ಟು ಎಂದು. ಆಗ ಮೂವತ್ತಕ್ಕೂ ಮೂವತ್ತೊಂದಕ್ಕೂ ನಡುವಿನ ಕಂದಕ ತಾನಾಗಿ ಮುಚ್ಚುತ್ತದೆ.

ಸಣ್ಣ ಶಾಲೆಗಳನ್ನು ವಿಲೀನ ಮಾಡಿದರಾಯಿತು ಎನ್ನುವವರೂ ಇದ್ದಾರೆ. ಕಿರಿಯ ಪ್ರಾಥಮಿಕ ಶಾಲೆ ಒಂದು ಕಿಲೋಮೀಟರ್ ಒಳಗಿರಬೇಕೆಂಬುದು ಶಿಕ್ಷಣ ಹಕ್ಕಿನ ನಿಯಮ. ಗುಡ್ಡಕ್ಕೊಂದು ಮನೆ ಇರುವ ಮಲೆನಾಡಿನಲ್ಲಿ ಅದನ್ನು ಪಾಲಿಸಿದರೆ ಶಾಲೆ ಸಣ್ಣದಾಗಿಯೇ ಉಳಿಯುತ್ತದೆ. ನಿಯಮ ಮಾಡಿದ ಸರ್ಕಾರವೇ ಅದರ ಖರ್ಚನ್ನೂ ಹೊರಬೇಕು.