ವರ್ಷದ ಪ್ರಗತಿಯ ಅಳತೆಗೋಲು: ಠಾಣೆ ಪರಿಸರದ ಶಿಲಾಹಾರ ಅವಶೇಷಗಳು ಮತ್ತು ವಸ್ತುಸಂಗ್ರಹಾಲಯ ಸೇವೆ

ವಸ್ತುಸಂಗ್ರಹಾಲಯಗಳ ವಾರ್ಷಿಕ ವರದಿಗಳನ್ನು ಸಾಹಿತ್ಯದ ಅಭ್ಯಾಸಿಗಳು ಓದುವುದು ಕಡಿಮೆ. ಅವು ಆಡಳಿತದ ಕಾಗದಗಳೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಹಲ್ಮಿಡಿ ಶಾಸನವನ್ನು ಎಂ. ಎಚ್. ಕೃಷ್ಣ ಅವರು ವಿದ್ವಾಂಸರ ಮುಂದಿಟ್ಟದ್ದು ಮೈಸೂರು ಪುರಾತತ್ತ್ವ ಇಲಾಖೆಯ ೧೯೩೬ರ ವಾರ್ಷಿಕ ವರದಿಯಲ್ಲಿ ಎಂಬುದನ್ನು ನೆನೆಯಬೇಕು. ೧೯೩೯ರಲ್ಲಿ ಅಂದಿನ ಮುಂಬಯಿ ಸರ್ಕಾರ ಧಾರವಾಡದಲ್ಲಿ ಸ್ಥಾಪಿಸಿದ ಕನ್ನಡ ಸಂಶೋಧನ ಸಂಸ್ಥೆಯೂ ಆರ್. ಎಸ್. ಪಂಚಮುಖಿಯವರ ನಿರ್ದೇಶನದಲ್ಲಿ ಶಾಸನಶೋಧ, ಸಂಗ್ರಹಾಲಯ, ವರದಿ ಈ ಮೂರನ್ನೂ ಒಂದೇ ಕಾರ್ಯದ ಅಂಗಗಳೆಂದು ಭಾವಿಸಿತ್ತು. ಆ ವರದಿಗಳು ಕೇಳಿಕೊಂಡ ಪ್ರಶ್ನೆ, ಈ ವರ್ಷ ಹೊಸದಾಗಿ ಏನು ತಿಳಿಯಿತು ಎಂಬುದು. ಈಗಿನ ವರದಿಗಳಲ್ಲಿ ಸಾಮಾನ್ಯವಾಗಿ ಮುಂದೆ ನಿಲ್ಲುವ ಪ್ರಶ್ನೆ, ಈ ವರ್ಷ ಎಷ್ಟು ಮಂದಿ ಬಂದರು ಎಂಬುದು. ಎರಡನೆಯ ಪ್ರಶ್ನೆ ಅನಗತ್ಯವೆಂದು ನಾವು ಹೇಳುವುದಿಲ್ಲ. ಅದೊಂದೇ ಪ್ರಗತಿಯ ಅಳತೆಗೋಲಾದರೆ ಆಗುವ ನಷ್ಟವೇನೆಂಬುದನ್ನು ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳ ಪರಿಸರವನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪರಿಸರದ ಪ್ರಾಚ್ಯಾವಶೇಷಗಳ ಇತಿಹಾಸವು ಬಹುಮಟ್ಟಿಗೆ ಊರು ಬಿಟ್ಟು ಹೋದ ವಸ್ತುಗಳ ಇತಿಹಾಸ. ೧೭೮೭ರಲ್ಲಿ ಠಾಣೆಯಲ್ಲಿ ಅಡಿಪಾಯ ತೋಡುವಾಗ ದೊರೆತ, ಶಿಲಾಹಾರ ಅರಿಕೇಸರಿಯ ಶಕ ೯೩೯ (ಕ್ರಿ.ಶ. ೧೦೧೭)ರ ತಾಮ್ರಶಾಸನದ ಅನುವಾದವು ಮರುವರ್ಷವೇ ಕಲ್ಕತ್ತೆಯ 'ಏಷಿಯಾಟಿಕ್ ರಿಸರ್ಚಸ್'ನ ಮೊದಲ ಸಂಪುಟದಲ್ಲಿ ಬೆಳಕು ಕಂಡಿತು. ಭಾರತೀಯ ಶಾಸನಾಧ್ಯಯನದ ತೊಟ್ಟಿಲಲ್ಲೇ ಠಾಣೆಯ ಹೆಸರಿದೆಯೆಂದರೆ ಅತಿಶಯೋಕ್ತಿಯಾಗದು. ಅಂದು ಠಾಣೆ ಜಿಲ್ಲೆಗೆ ಸೇರಿದ್ದು ೨೦೧೪ರಿಂದ ಪಾಲ್ಘರ್ ಜಿಲ್ಲೆಯಲ್ಲಿರುವ ಸೋಪಾರದಲ್ಲಿ ೧೮೮೨ರಲ್ಲಿ ಭಗವಾನ್‌ಲಾಲ್ ಇಂದ್ರಜಿಯವರಿಗೆ ದೊರೆತ ಅಶೋಕನ ಶಾಸನದ ತುಣುಕು ಇಂದು ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿನ ಸ್ತೂಪದ ಕರಂಡಕಗಳು ಮುಂಬಯಿಯ ಏಷಿಯಾಟಿಕ್ ಸೊಸೈಟಿಯಲ್ಲಿವೆ. ಉಳಿದುಕೊಂಡದ್ದು ಹೊತ್ತೊಯ್ಯಲಾಗದ ವಾಸ್ತು: ಕಲ್ಯಾಣಕ್ಕೆ ಸಮೀಪದ ಅಂಬರನಾಥದಲ್ಲಿರುವ, ಶಕ ೯೮೨ (ಕ್ರಿ.ಶ. ೧೦೬೦)ರ ಶಾಸನವುಳ್ಳ ಶಿವಾಲಯ.

ಈ ಶಾಸನಗಳು ಕನ್ನಡದ ಸಂಶೋಧಕನಿಗೆ ಏಕೆ ಮುಖ್ಯ? ಉತ್ತರ ಕೊಂಕಣದ ಶಿಲಾಹಾರರು ಮೊದಲು ರಾಷ್ಟ್ರಕೂಟರ ಸಾಮಂತರು. ಕಾನ್ಹೇರಿಯ ಗುಹಾಶಾಸನಗಳಲ್ಲಿ ಒಂದು ಪುಲ್ಲಶಕ್ತಿಯ ಕಾಲದ್ದು, ಶಕ ೭೬೫ (ಕ್ರಿ.ಶ. ೮೪೩)ರದು, ಅದು ಅಮೋಘವರ್ಷನನ್ನು ಸಾರ್ವಭೌಮನೆಂದು ಹೆಸರಿಸುತ್ತದೆ. 'ಕವಿರಾಜಮಾರ್ಗ' ರೂಪುಗೊಂಡದ್ದು ಇದೇ ಅರಸನ ಆಸ್ಥಾನದಲ್ಲಿ. ಮುಂದೆ ಶಿಲಾಹಾರರು ಸ್ವತಂತ್ರಪ್ರಾಯರಾದ ಮೇಲೂ ಅವರ ಸಂಸ್ಕೃತ ದಾನಪತ್ರಗಳಲ್ಲಿ 'ಗಂಡರಗಂಡ', 'ಮಲಗಲಗಂಡ', 'ನನ್ನಿಸಮುದ್ರ' ಎಂಬ ಬಿರುದುಗಳು ಉಳಿದುಬಂದವು. 'ನನ್ನಿ' ಎಂದರೆ ಸತ್ಯವೆಂದು ಹಳಗನ್ನಡದ ಓದುಗನಿಗೆ ಹೇಳಬೇಕಾಗಿಲ್ಲ. ಛಿತ್ತರಾಜನ ಶಕ ೯೪೮ (ಕ್ರಿ.ಶ. ೧೦೨೬)ರ ಭಾಂಡುಪ್ ತಾಮ್ರಪಟಗಳಲ್ಲಿ ನಾಗಣೈಯ, ಸೀಹಪೈಯ ಎಂಬ ಅಧಿಕಾರಿಗಳ ಹೆಸರಿನೊಡನೆ, ಕರ್ಣಾಟ ವ್ಯವಹಾರಕ್ಕಾಗಿಯೇ ನಿಯುಕ್ತನಾದ ಸಾಂಧಿವಿಗ್ರಹಿಕ ಕಪರ್ದಿಯ ಹೆಸರೂ ಬರುತ್ತದೆ. ಈ ಸಣ್ಣ ಉಲ್ಲೇಖ ನಮಗೆ ಬಹುಮುಖ್ಯವೆನಿಸುತ್ತದೆ. ಕರ್ಣಾಟವು ಈ ಅರಸರಿಗೆ ಬಿರುದಿನಲ್ಲಿ ಉಳಿದ ಹಳೆಯ ನೆನಪಾಗಿದ್ದಂತೆಯೇ, ಸಂಧಿಗೂ ಸಮರಕ್ಕೂ ಪ್ರತ್ಯೇಕ ಅಧಿಕಾರಿ ಬೇಕಾದ ಪರರಾಜ್ಯವೂ ಆಗಿತ್ತು. ಒಂದೇ ನಾಡು ಅವರಿಗೆ ತವರೂ ಹೌದು, ಹೊರಗೂ ಹೌದು.

ಈ ಇಬ್ಬಗೆಯನ್ನು ಮರೆತರೆ ಸಂಶೋಧನೆ ಜಯಘೋಷವಾಗುತ್ತದೆ. ಬಿರುದುಗಳು ಕನ್ನಡವಾದ ಮಾತ್ರಕ್ಕೆ ಠಾಣೆ ಕನ್ನಡನಾಡಾಗಿತ್ತೆಂದು ಹೇಳುವುದು ಸಾಧುವಲ್ಲ. ದಾನಪತ್ರಗಳ ಭಾಷೆ ಸಂಸ್ಕೃತ. ಇದೇ ಅರಸರ ಕಾಲದ ಶಿಲಾಶಾಸನಗಳಲ್ಲಿ ಮರಾಠಿ ಕಣ್ಣು ತೆರೆಯುತ್ತಿದೆ. ಬಿರುದು ಅರಮನೆಯ ಮಾತು, ಜನರ ಆಡುಮಾತಿಗೆ ಅದು ಸಾಕ್ಷಿಯಾಗದು. ಇದೇ ತರ್ಕ ಇನ್ನೊಂದು ದಿಕ್ಕಿಗೂ ಅನ್ವಯಿಸುತ್ತದೆ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಕನ್ನಡ, ತಮಿಳುಗಳೊಡನೆ ಮರಾಠಿಯ ಸಾಲುಗಳೂ ಇವೆ. ಅದರಿಂದ ಬೆಳಗೊಳ ಮರಾಠಿ ನಾಡಾಗಲಿಲ್ಲ. ಆದರೆ ಮರಾಠಿಯ ಚರಿತ್ರೆಯನ್ನು ಬೆಳಗೊಳವನ್ನು ಬಿಟ್ಟು ಬರೆಯಲಾಗದು. ಕನ್ನಡದ ಚರಿತ್ರೆಗೆ ಠಾಣೆ ಸಲ್ಲುವುದೂ ಅಷ್ಟೇ ಪ್ರಮಾಣದಲ್ಲಿ. ಕಲ್ಯಾಣದ ಹೆಸರಿನ ವಿಷಯದಲ್ಲಿಯೂ ಎಚ್ಚರ ಅಗತ್ಯ. ಕನ್ನಡಿಗನ ಕಿವಿಗೆ ಕಲ್ಯಾಣವೆಂದರೆ ಚಾಲುಕ್ಯರ, ಶರಣರ ಕಲ್ಯಾಣ. ಈ ಕಲ್ಯಾಣವಾದರೋ ಕಾನ್ಹೇರಿಗೆ ದಾನವಿತ್ತ ವರ್ತಕರ ಹಳೆಯ ಬಂದರು.

ಇನ್ನು ವಸ್ತುಸಂಗ್ರಹಾಲಯ ಸೇವೆಯ ವಿಚಾರ. ೧೯೨೨ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಎಂಬ ಹೆಸರಿನಲ್ಲಿ ಸಾರ್ವಜನಿಕರಿಗೆ ತೆರೆದ ಇಂದಿನ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯವು ೨೦೧೫ರಲ್ಲಿ ಬಸ್ಸೊಂದನ್ನು ಸಜ್ಜುಗೊಳಿಸಿ ಸಂಚಾರಿ ಸಂಗ್ರಹಾಲಯವನ್ನು ಆರಂಭಿಸಿತು. ಡೊಂಬಿವಲಿಯ ಬಾಲಕನೊಬ್ಬ ದಕ್ಷಿಣ ಮುಂಬಯಿಯ ಆ ಗುಮ್ಮಟವನ್ನು ಕಾಣಬೇಕಾದರೆ ಕಿಕ್ಕಿರಿದ ಲೋಕಲ್ ರೈಲಿನಲ್ಲಿ ಗಂಟೆಗೂ ಮೀರಿ ಪಯಣಿಸಬೇಕು. ಆದ್ದರಿಂದ ವಸ್ತುವೇ ಶಾಲೆಯ ಬಾಗಿಲಿಗೆ ಬರುವ ಯೋಜನೆ ನಿಜಕ್ಕೂ ಶ್ಲಾಘ್ಯ. ಆದರೆ ಇಂಥ ಸೇವೆಯ ಒಂದು ವರ್ಷದ ಪ್ರಗತಿಯನ್ನು ಕ್ರಮಿಸಿದ ಮೈಲಿಗಳಿಂದ, ಭೇಟಿಯಾದ ಶಾಲೆಗಳಿಂದ ಮಾತ್ರ ಅಳೆಯುವಂತಿಲ್ಲ. ಬಸ್ಸು ನಿಂತ ಊರಿನ ನೆಲದಿಂದ ಹೋದದ್ದು ಅದೇ ಊರಿಗೆ ಮರಳಿ ಬಂದು ತನ್ನ ಗುರುತು ಹೇಳಿತೇ ಎಂಬುದೂ ಅಳತೆಯಾಗಬೇಕು. ಹರಪ್ಪದ ಮುದ್ರೆಯ ಪ್ರತಿಕೃತಿಯನ್ನು ಕಂಡ ಠಾಣೆಯ ಮಗುವಿಗೆ ಅರಿಕೇಸರಿಯ ಹೆಸರೇ ತಿಳಿಯದಿದ್ದರೆ, ಸೇವೆ ಅರ್ಧದಾರಿಯಲ್ಲಿ ನಿಂತಂತೆ.

ಇದು ಅಸಾಧ್ಯದ ಬೇಡಿಕೆಯಲ್ಲ. ೧೮೬೮ರಲ್ಲಿಯೇ ಸರ್ಕಾರ ಅಂಬರನಾಥ ದೇಗುಲದ ಶಿಲ್ಪಗಳ ಅಚ್ಚುಗಳನ್ನು ತೆಗೆಸಿತ್ತು. ಹಲ್ಮಿಡಿಯ ಮೂಲಶಿಲೆ ಊರು ಬಿಟ್ಟರೂ ಅದರ ಪ್ರತಿಕೃತಿ ಹಲ್ಮಿಡಿಯಲ್ಲಿ ನಿಂತಿದೆ. ವಾಸುದೇವ ವಿಷ್ಣು ಮಿರಾಶಿಯವರು ಶಿಲಾಹಾರ ಶಾಸನಗಳನ್ನು ಸಂಪಾದಿಸಿಕೊಟ್ಟದ್ದು ೧೯೭೭ರಲ್ಲಿ. ಪಾಠ ಸಿದ್ಧವಾಗಿಯೇ ಇದೆ. ಪ್ರತಿಕೃತಿಯ ಕೆಳಗಿನ ವಿವರಣಪಟ್ಟಿಯಲ್ಲಿ ದೊರೆತ ಸ್ಥಳ, ವರ್ಷ, ಅರಸ, ಭಾಷೆಗಳೊಡನೆ 'ನನ್ನಿಸಮುದ್ರ'ದಂಥ ಒಂದು ಪದದ ಅರ್ಥವಿದ್ದರೆ ಸಾಕು. ಆ ಪಟ್ಟಿ ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಇರಲಿ ಎಂಬುದು ನಮ್ಮ ಸಲಹೆ.

ವಿಷಯದ ತೂಕವಿರುವುದು ಇಲ್ಲಿಯೇ. ೧೯೭೦ರಲ್ಲಿ ಸಿಡ್ಕೊ ಸ್ಥಾಪನೆಯಾದ ಬಳಿಕ ರೂಪುಗೊಂಡ ನವಿ ಮುಂಬಯಿ ಹಳೆಯ ಹಳ್ಳಿಗಳ ನೆಲದ ಮೇಲೆಯೇ ಎದ್ದ ನಗರ. ಅಗಲವಾಗುವ ರಸ್ತೆಗೂ ಏಳುವ ಗೋಪುರಕ್ಕೂ ಅಡ್ಡ ಬಂದ ಕಲ್ಲು, ಅದರ ಅರ್ಥ ಬಲ್ಲವರಿಲ್ಲದಿದ್ದರೆ, ಬರಿಯ ಕಲ್ಲಾಗಿಯೇ ಜರುಗುತ್ತದೆ. ಕತ್ತೆಯ ಶಾಪಚಿತ್ರವುಳ್ಳ 'ಗದ್ಧೇಗಾಳ'ಗಳು ಕೊಂಕಣದಲ್ಲಿ ಬಯಲಲ್ಲೇ ನಿಂತಿವೆ. ದಾನಭೂಮಿಯನ್ನು ಅಪಹರಿಸಿದವನಿಗೆ ಕಟುಶಾಪವಿಡುವ ರೂಢಿ ಕನ್ನಡ ಶಾಸನಗಳ ಓದುಗರಿಗೆ ಹೊಸದೇನಲ್ಲ. ಈ ಕಲ್ಲುಗಳನ್ನು ಎರಡೂ ಭಾಷೆಗಳ ಬೆಳಕಿನಲ್ಲಿ ಓದಬಲ್ಲವರು ಮುಂಬಯಿ ಪರಿಸರದ ಕನ್ನಡಿಗ ಸಂಶೋಧಕರು. ಹೊರನಾಡ ಕನ್ನಡಿಗರನ್ನು ನಾವು ಬಹುಕಾಲ ಹೊಟ್ಟೆಪಾಡಿಗೆ ವಲಸೆ ಹೋದವರೆಂದಷ್ಟೇ ಬರೆದಿದ್ದೇವೆ. ಅವರು ನಿಂತ ನೆಲದಲ್ಲಿ ಸಾವಿರ ವರ್ಷದ ಹಿಂದಿನ ಕನ್ನಡ ಪದವೊಂದು ತಾಮ್ರದ ಮೇಲೆ ಕುಳಿತಿದೆ. ಅದರಿಂದ ಯಾರಿಗೂ ಹಕ್ಕುಪತ್ರ ದೊರೆಯುವುದಿಲ್ಲ. ನೆರೆಹೊರೆಯ ಹಳೆಯ ಪರಿಚಯ ದೊರೆಯುತ್ತದೆ.

ಈ ದೃಷ್ಟಿಯಿಂದ, ಹೊರನಾಡಿನ ಸಂಶೋಧಕ ಮಿತ್ರರು ತಮ್ಮ ಸಮೀಪದ ಸಂಗ್ರಹಾಲಯದ ಮುಂದಿನ ವಾರ್ಷಿಕ ವರದಿಯನ್ನು ಕೈಗೆತ್ತಿಕೊಂಡಾಗ ಪ್ರೇಕ್ಷಕರ ಸಂಖ್ಯೆಯನ್ನು ನೋಡಲಿ. ಅನಂತರ, ಆ ವರ್ಷ ಹೊಸದಾಗಿ ಓದಲಾದ ಒಂದು ಸಾಲನ್ನೂ ಹುಡುಕಲಿ. ಅಂಥದೊಂದು ಸಾಲು ಕಾಣದಿದ್ದರೆ, ಅದನ್ನು ಒದಗಿಸುವ ಹೊಣೆಯಲ್ಲಿ ನಮ್ಮ ಪಾಲೂ ಇದೆಯೆಂದು ತಿಳಿಯುವುದು ಉಚಿತ.