ಸೋತ ಮಗುವಿಗೆ ಕಾರಣ ಹೇಳುವವರು ಯಾರು?

ಮಳೆ ಕಡಿಮೆಯಾಗುತ್ತಿದ್ದಂತೆ ನಮ್ಮ ಶಾಲೆಗಳಲ್ಲಿ ಪ್ರತಿಭಾ ಕಾರಂಜಿಯ ಗಡಿಬಿಡಿ ಆರಂಭವಾಗುತ್ತದೆ. ಮೊದಲು ಕ್ಲಸ್ಟರ್, ಅನಂತರ ತಾಲೂಕು, ಜಿಲ್ಲೆ, ಕೊನೆಗೆ ರಾಜ್ಯ ಮಟ್ಟ. ಕಂಠಪಾಠ, ಛದ್ಮವೇಷ, ಅಭಿನಯ ಗೀತೆ, ಕಥೆ ಹೇಳುವುದು, ಆಶುಭಾಷಣ, ಮಿಮಿಕ್ರಿ - ಹೀಗೆ ಪಟ್ಟಿ ಉದ್ದವಾಗಿದೆ. ಅದರಲ್ಲಿ ಧಾರ್ಮಿಕ ಪಠಣ ಎಂಬ ಒಂದು ವಿಭಾಗವಿದೆ. ಒಂದು ಕೊಠಡಿಯಲ್ಲಿ ಸಂಸ್ಕೃತ ಶ್ಲೋಕ ಕೇಳಿಸುತ್ತಿದ್ದರೆ ಪಕ್ಕದ ಕೊಠಡಿಯಲ್ಲಿ ಮಕ್ಕಳು ಅರೇಬಿಕ್ ಪಠಣ ಮಾಡುತ್ತಿರುತ್ತಾರೆ. ಕವ್ವಾಲಿಯೂ ಉಂಟು, ಗಝಲ್ ಕೂಡ ಉಂಟು. ಬೇರೆಲ್ಲೂ ವೇದಿಕೆ ಸಿಗದ ಮಗುವಿಗೆ ಸರಕಾರವೇ ವೇದಿಕೆ ಕಟ್ಟಿ ಕೊಡುವ ಈ ಯೋಜನೆಯನ್ನು ನಾವು ಮೆಚ್ಚಿದವರೇ. ಮೆಚ್ಚಿದ್ದರಿಂದಲೇ ಅದರ ಒಂದು ದೊಡ್ಡ ಕೊರತೆಯ ಬಗ್ಗೆ ಮಾತಾಡಬೇಕಾಗಿದೆ.

ಸ್ಪರ್ಧೆ ನಡೆಯುವ ರೀತಿಯನ್ನು ಗಮನಿಸಿ. ಅಕ್ಕಪಕ್ಕದ ಶಾಲೆಗಳ ಶಿಕ್ಷಕರೇ ತೀರ್ಪುಗಾರರು. ಒಂದು ಹಾಳೆಯಲ್ಲಿ ಅಂಕ ಬರೆಯುತ್ತಾರೆ, ಕೂಡಿಸುತ್ತಾರೆ, ಸಂಜೆ ಮೈಕಿನಲ್ಲಿ ಪ್ರಥಮ, ದ್ವಿತೀಯ, ತೃತೀಯ ಎಂದು ಹೆಸರು ಕೂಗುತ್ತಾರೆ. ಹಾಳೆ ಕಡತ ಸೇರುತ್ತದೆ. ಉಳಿದ ಮಕ್ಕಳು ಬಸ್ ಹತ್ತುತ್ತಾರೆ. ತಾನು ಎಲ್ಲಿ ಹಿಂದೆ ಬಿದ್ದೆ ಎಂದು ಆ ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಯಾರೂ ಹೇಳದಿದ್ದಾಗ ಮಕ್ಕಳೇ ಕಾರಣ ಹುಡುಕಿಕೊಳ್ಳುತ್ತಾರೆ. 'ಗೆದ್ದವನ ಟೀಚರು ತೀರ್ಪುಗಾರರ ಗೆಳತಿಯಂತೆ', 'ನಮ್ಮದು ಬಾಡಿಗೆ ಡ್ರೆಸ್ ಅಲ್ಲವಲ್ಲ', 'ನಾವು ಉರ್ದು ಶಾಲೆಯವರಲ್ಲವೇ' ಇತ್ಯಾದಿ. ಇವುಗಳಲ್ಲಿ ಕೆಲವು ನಿಜವಿರಬಹುದು, ಹೆಚ್ಚಿನವು ಸುಳ್ಳು. ಆದರೆ ಬಸ್ಸಿನಲ್ಲಿ ಹುಟ್ಟಿದ ಈ ಕಾರಣಗಳೇ ಮನೆ ತಲುಪುತ್ತವೆ, ಮನೆಯಲ್ಲಿ ಬೆಳೆಯುತ್ತವೆ. ಅಲ್ಪಸಂಖ್ಯಾತ ಸಮುದಾಯದ ಮಗುವಿನ ವಿಷಯದಲ್ಲಿ ಇದು ಇನ್ನಷ್ಟು ಭಾರವಾದ ಸಂಗತಿ. ಹೆಸರಿನ ಕಾರಣಕ್ಕೇ ತಾನು ಸೋತೆ ಎಂಬ ಅನುಮಾನ ಹತ್ತನೇ ವಯಸ್ಸಿನಲ್ಲಿ ಮನಸ್ಸಿಗೆ ಹೊಕ್ಕರೆ, ಅದು ನಿಜವಾದರೂ ಕೇಡು, ಸುಳ್ಳಾದರೂ ಕೇಡು.

ಕುರ್‌ಆನ್ ಪಾರಾಯಣ ಸ್ಪರ್ಧೆಯಲ್ಲಿ ಈ ಸಮಸ್ಯೆ ಬಹಳ ಮಟ್ಟಿಗೆ ಇಲ್ಲ. ಮಲೇಶಿಯಾದಲ್ಲಿ 1961ರಿಂದ, ದುಬೈಯಲ್ಲಿ 1997ರಿಂದ ಅಂತಾರಾಷ್ಟ್ರೀಯ ಮಟ್ಟದಲ್ಲಿ ನಡೆಯುತ್ತಿರುವ ಇಂಥ ಸ್ಪರ್ಧೆಗಳ ಚಿಕ್ಕ ರೂಪ ನಮ್ಮ ಊರಿನ ಮದ್ರಸಗಳಲ್ಲೂ ಇದೆ. ಅಕ್ಷರ ಗಂಟಲಿನ ಯಾವ ಭಾಗದಿಂದ ಹೊರಡಬೇಕು, ಎಲ್ಲಿ ಎಷ್ಟು ಎಳೆಯಬೇಕು, ಎಲ್ಲಿ ಮೂಗಿನ ಧ್ವನಿ ಬರಬೇಕು, ಎಲ್ಲಿ ನಿಲ್ಲಬಾರದು - ತಜ್‌ವೀದ್‌ನ ಈ ನಿಯಮಗಳು ತೀರ್ಪುಗಾರನ ಜೇಬಿನಲ್ಲಿ ಇರುವುದಲ್ಲ. ಅವು ಮಗುವಿಗೂ ಗೊತ್ತು, ಉಸ್ತಾದರಿಗೂ ಗೊತ್ತು, ಕೇಳುತ್ತಾ ಕೂತ ತಂದೆಗೂ ಅಷ್ಟಿಷ್ಟು ಗೊತ್ತು. ಕಂಠಪಾಠದ ಸ್ಪರ್ಧೆಯಲ್ಲಿ ಉಸ್ತಾದರು ಒಂದು ಸೂಕ್ತದ ಆರಂಭ ಹೇಳುತ್ತಾರೆ, ಮಗು ಮುಂದುವರಿಸಬೇಕು. ತಪ್ಪಿದರೆ ಅಲ್ಲೇ ತಡೆದು ಎಚ್ಚರಿಸುತ್ತಾರೆ. ಫಲಿತಾಂಶ ಬರುವ ಮೊದಲೇ ಮಗುವಿಗೆ ತನ್ನ ಲೆಕ್ಕ ತಿಳಿದಿರುತ್ತದೆ. ಇದೇ ಪಠಣ ಪ್ರತಿಭಾ ಕಾರಂಜಿಗೆ ಬಂದಾಗ, ಅರೇಬಿಕ್ ಬಲ್ಲ ತೀರ್ಪುಗಾರರು ಸಿಗದ ಕಡೆ ಏನಾದೀತೆಂದು ಊಹಿಸಬಹುದು. ಅಂಕ ಸಿಗುವುದು ಇಂಪಾದ ಗಂಟಲಿಗೆ ಮಾತ್ರ. ವರ್ಷಗಟ್ಟಲೆ ಉಚ್ಚಾರ ತಿದ್ದಿಕೊಂಡ ಹುಡುಗ ಹಿಂದೆ ಕೂರುತ್ತಾನೆ. ಅವನಿಗೆ ಏನೆಂದು ಹೇಳುವುದು?

ಹಾಡು, ನೃತ್ಯ, ನಾಟಕಗಳಿಗೆ ತಜ್‌ವೀದ್‌ನಂತಹ ಖಚಿತ ಅಳತೆ ಇಲ್ಲ, ನಿಜ. ಆದರೆ ಅಳತೆ ಇಲ್ಲದ ಕಡೆಯೇ ಕಾರಣ ಹೇಳುವ ಹೊಣೆ ಹೆಚ್ಚು. ಆ ಹೊಣೆಯನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನೆರೆಯ ಕೇರಳದ ಶಾಲಾ ಕಲೋತ್ಸವಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. 1957ರಲ್ಲಿ ಎರ್ನಾಕುಳಂನಲ್ಲಿ ಸಣ್ಣದಾಗಿ ಆರಂಭವಾದ ಮೇಳವದು. 1958ರಲ್ಲಿ ಅಲ್ಲಿ ಹಾಡುಗಾರಿಕೆಯಲ್ಲಿ ಗೆದ್ದ ಹುಡುಗ ಯೇಸುದಾಸ್, ಮೃದಂಗದಲ್ಲಿ ಗೆದ್ದ ಹುಡುಗ ಮುಂದೆ ಗಾಯಕರಾದ ಪಿ. ಜಯಚಂದ್ರನ್. ಒಬ್ಬ ಕ್ರೈಸ್ತ ಹುಡುಗ ಕರ್ನಾಟಕ ಸಂಗೀತ ಹಾಡಿ ಗೆದ್ದಾಗ ಅದೊಂದು ಸಾಮಾನ್ಯ ಶಾಲಾ ಸುದ್ದಿಯಾಗಿತ್ತು ಎಂಬುದನ್ನು ಇಲ್ಲೇ ಗುರುತು ಹಾಕಿಟ್ಟುಕೊಳ್ಳೋಣ. ನಮ್ಮ ದಫ್‌ಮುಟ್ಟು, ಕೋಲ್ಕಳಿ, ಒಪ್ಪನೆ, ಅರಬನಮುಟ್ಟು, ಮಾಪ್ಪಿಳಪ್ಪಾಟ್ಟುಗಳು ಮದುವೆ ಮನೆ ಮತ್ತು ಮಸೀದಿಯ ಅಂಗಳ ದಾಟಿ ಎಲ್ಲ ಸಮುದಾಯದ ಮಕ್ಕಳ ಕೈಗೆ ಬಂದದ್ದು ಈ ಮೇಳದಿಂದ. ಕಾಸರಗೋಡಿನ ಕನ್ನಡ ಮಕ್ಕಳು ಅಲ್ಲಿ ಯಕ್ಷಗಾನ ಆಡುತ್ತಾರೆ. 2025ರಲ್ಲಿ ತಿರುವನಂತಪುರದ ಮೇಳದಲ್ಲಿ ಐದು ಬುಡಕಟ್ಟು ಕಲೆಗಳನ್ನು ಸೇರಿಸಿದಾಗ ಕಾಸರಗೋಡಿನ ಮಾವಿಲರ ಮಂಗಲಂಕಳಿಗೂ ವೇದಿಕೆ ಸಿಕ್ಕಿತು. ಇಷ್ಟೆಲ್ಲ ಒಳ್ಳೆಯದನ್ನು ಮಾಡಿದ ಮೇಳ ಅದು.

ಆದರೆ ಮೇಳ ಬೆಳೆದಂತೆ ಬಹುಮಾನವೂ ಬೆಳೆಯಿತು. ಹೆಚ್ಚು ಅಂಕ ಗಳಿಸಿದ ಜಿಲ್ಲೆಗೆ 117.5 ಪವನಿನ ಚಿನ್ನದ ಕಪ್. ಒಳ್ಳೆಯ ಗ್ರೇಡ್ ಬಂದರೆ ಪರೀಕ್ಷೆಯಲ್ಲಿ ಗ್ರೇಸ್ ಮಾರ್ಕ್. 1986ರಿಂದ ಕಲಾಪ್ರತಿಭೆ, ಕಲಾತಿಲಕಂ ಎಂಬ ಬಿರುದುಗಳು. ಬಿರುದು ಪಡೆದವರಿಗೆ ಸಿನಿಮಾದ ಬಾಗಿಲು ತೆರೆದದ್ದೂ ಉಂಟು, ಮಂಜು ವಾರಿಯರ್ ಹೆಸರು ಎಲ್ಲರಿಗೂ ಗೊತ್ತು. ಹೀಗಾದಾಗ ಸ್ಪರ್ಧಿಸುವವರು ಮಕ್ಕಳಲ್ಲ, ಹೆತ್ತವರು ಮತ್ತು ದುಡ್ಡು ಪಡೆದ ತರಬೇತುದಾರರು. ಬಿರುದಿನ ಜಗಳ ಅತಿಯಾಗಿ 2006ರಲ್ಲಿ ಅದನ್ನು ಕೈಬಿಡಬೇಕಾಯಿತು. ಜಿಲ್ಲೆಯಲ್ಲಿ ಸೋತವರು ಮೇಲ್ಮನವಿ ಹಾಕಿ ರಾಜ್ಯಕ್ಕೆ ಹೋಗುವ ದಾರಿಯನ್ನು ನ್ಯಾಯಕ್ಕಾಗಿಯೇ ಮಾಡಿಟ್ಟಿದ್ದರು. ಅದು ಕೊನೆಗೆ ನ್ಯಾಯಾಲಯದ ಮೆಟ್ಟಿಲೇರುವ ದಾರಿಯಾಯಿತು. 2018ರ ತ್ರಿಶೂರ್ ಮೇಳದಲ್ಲಂತೂ ಮಕ್ಕಳ ಹಕ್ಕುಗಳ ಆಯೋಗದ ಹೆಸರಿನಲ್ಲಿ ನಕಲಿ ಮೇಲ್ಮನವಿ ಆದೇಶಗಳೇ ಪತ್ತೆಯಾದವು! ಮಕ್ಕಳ ಹಕ್ಕು ಕಾಯುವ ಆಯೋಗದ ಹೆಸರಿನ ಖೋಟಾ ಕಾಗದ ಹಿಡಿದು ಮಗುವನ್ನು ವೇದಿಕೆಗೆ ಹತ್ತಿಸುವ ಹಿರಿಯರು ಆ ಮಗುವಿಗೆ ಯಾವ ಕಲೆ ಕಲಿಸಿದಂತಾಯಿತು?

ಮೇಲ್ಮನವಿ ಹಾಕುವವರೆಲ್ಲ ಜಗಳಗಂಟರೆಂದು ನಾವು ಹೇಳುತ್ತಿಲ್ಲ. ತೀರ್ಪಿಗೆ ಕಾರಣ ಸಿಗದಿದ್ದಾಗ ಕೈಯಲ್ಲಿ ದುಡ್ಡಿರುವವನು ಕೋರ್ಟಿಗೆ ಹೋಗುತ್ತಾನೆ, ದುಡ್ಡಿಲ್ಲದವನು ಶಪಿಸಿ ಸುಮ್ಮನಾಗುತ್ತಾನೆ. ಅಲ್ಲಿಗೆ ಎರಡನೇ ಅನ್ಯಾಯ ಆರಂಭವಾಗುತ್ತದೆ.

ದುಡ್ಡಿನ ಮಾತು ಬಂದಾಗ ನಮಗೆ ಒಂದು ಹದೀಸ್ ನೆನಪಾಗುತ್ತದೆ. ಪ್ರವಾದಿ ಮುಹಮ್ಮದ್(ಸ)ರು ಕುದುರೆಗಳ ಓಟ ಏರ್ಪಡಿಸುತ್ತಿದ್ದರು. ಸಹೀಹ್ ಬುಖಾರಿಯ ವರದಿಯಂತೆ, ಓಟಕ್ಕಾಗಿ ತಯಾರು ಮಾಡಿದ ಕುದುರೆಗಳಿಗೆ ಹಫ್ಯಾದಿಂದ ಸನಿಯ್ಯತುಲ್ ವದಾಅ್‌ವರೆಗಿನ ದೂರ, ಅಂದರೆ ಐದಾರು ಮೈಲಿ. ಹಾಗೆ ತಯಾರಾಗದ ಕುದುರೆಗಳಿಗೆ ಅಲ್ಲಿಂದ ಬನೂ ಝುರೈಕ್ ಮಸೀದಿಯವರೆಗೆ, ಸುಮಾರು ಒಂದು ಮೈಲಿ. ಇದನ್ನು ವರದಿ ಮಾಡಿದ ಅಬ್ದುಲ್ಲಾ ಬಿನ್ ಉಮರ್(ರ)ರು ಸ್ವತಃ ಅದರಲ್ಲಿ ಭಾಗವಹಿಸಿದವರು. ಈ ಹದೀಸನ್ನು ನಮ್ಮಲ್ಲಿ ಸಾಮಾನ್ಯವಾಗಿ ಓಟ ಸಮ್ಮತವೋ ಅಲ್ಲವೋ ಎಂಬ ಚರ್ಚೆಗೆ ಉದ್ಧರಿಸುತ್ತಾರೆ. ಅದರೊಳಗಿನ ಏರ್ಪಾಡನ್ನು ಗಮನಿಸುವವರು ಕಡಿಮೆ. ತಯಾರಿ ಪಡೆದ ಕುದುರೆಯನ್ನೂ ಪಡೆಯದ ಕುದುರೆಯನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಲಿಲ್ಲ. ಹಾಗೆಂದು ತಯಾರಾಗದ್ದನ್ನು ಮನೆಗೂ ಕಳಿಸಲಿಲ್ಲ, ಅದಕ್ಕೂ ಒಂದು ಓಟ ಇತ್ತು. ನಾವಾದರೋ ತಿಂಗಳಿಗಿಷ್ಟು ಎಂದು ಫೀಸು ಕೊಟ್ಟು ನೃತ್ಯ ಕಲಿತ ಮಗುವನ್ನೂ, ಶಾಲೆಯ ಟೀಚರು ಮಧ್ಯಾಹ್ನದ ಬಿಡುವಿನಲ್ಲಿ ಮೂರು ದಿನ ಹೇಳಿಕೊಟ್ಟ ಮಗುವನ್ನೂ ಒಂದೇ ವೇದಿಕೆಗೆ ಹತ್ತಿಸಿ ಇದು ಸಮಾನ ಅವಕಾಶ ಎನ್ನುತ್ತೇವೆ.

ಇನ್ನು ಟಿ.ವಿ. ಸ್ಪರ್ಧೆಗಳು. ಇವು ಲಾಭಕ್ಕಾಗಿ ನಡೆಯುವವು, ಅವುಗಳಿಂದ ಶಾಲೆಯ ನ್ಯಾಯ ಬಯಸುವುದು ತಪ್ಪು ಎಂದು ಕೆಲವರು ಹೇಳಬಹುದು. ಆದರೆ ಈಟಿವಿಯಲ್ಲಿ ಬರುತ್ತಿದ್ದ 'ಎದೆ ತುಂಬಿ ಹಾಡುವೆನು' ನೋಡಿದವರಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಕ್ರಮ ಗೊತ್ತಿದೆ. ಮಗು ಹಾಡಿ ಮುಗಿಸಿದ ಮೇಲೆ ಶ್ರುತಿ ಎಲ್ಲಿ ಇಳಿಯಿತು, ಯಾವ ಅಕ್ಷರ ನುಂಗಿತು ಎಂದು ಹೇಳಿ, ಆ ಸಾಲನ್ನು ತಾವೇ ಹಾಡಿ ತೋರಿಸುತ್ತಿದ್ದರು. ಹಾಗೆ ಹೊರಬಿದ್ದ ಮಗು ಒಂದು ಪಾಠವನ್ನಾದರೂ ಕೊಂಡೊಯ್ಯುತ್ತಿತ್ತು. ಎಸ್ಸೆಮ್ಮೆಸ್ ಮತದಾನ ಬಂದಾಗ ಈ ಕಾರಣ ಹೇಳುವ ಕೆಲಸವೇ ನಿಂತುಹೋಯಿತು. ಸಾವಿರಾರು ಮತಗಳು ಯಾವ ಕಾರಣವನ್ನೂ ಹೇಳುವುದಿಲ್ಲ. 2007ರ ಇಂಡಿಯನ್ ಐಡಲ್‌ನಲ್ಲಿ ಡಾರ್ಜಿಲಿಂಗ್‌ನ ಪ್ರಶಾಂತ್ ತಮಾಂಗ್‌ಗಾಗಿ ಗುಡ್ಡಗಾಡಿನ ಜನ ಚಂದಾ ಎತ್ತಿ ಎಸ್ಸೆಮ್ಮೆಸ್ ಕಳಿಸಿದರು. ಅವರು ಗೆದ್ದ ಬಳಿಕ ಒಂದು ರೇಡಿಯೋದಲ್ಲಿ ಬಂದ ಹೀನಾಯದ ಮಾತು ಸಿಲಿಗುರಿಯಲ್ಲಿ ಗಲಭೆಗೆ ಕಾರಣವಾಯಿತು. ಸ್ಪರ್ಧೆ ಹಾಡಿನದಾಗಿ ಉಳಿದಿರಲಿಲ್ಲ, ಜನಾಂಗದ ಮರ್ಯಾದೆಯದಾಗಿತ್ತು.

ನಮ್ಮ ಮನೆಯಂಗಳದ ಪ್ರಕರಣವನ್ನೂ ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು. 2017ರ ಮಾರ್ಚ್‌ನಲ್ಲಿ ಝೀ ಕನ್ನಡದ ಸರಿಗಮಪ ವೇದಿಕೆಯಲ್ಲಿ ಶಿವಮೊಗ್ಗ ಜಿಲ್ಲೆಯ ಸುಹಾನಾ ಸಯ್ಯದ್ ಹಿಜಾಬ್ ಧರಿಸಿ ಒಂದು ಭಕ್ತಿಗೀತೆ ಹಾಡಿದರು. ಮರುದಿನದಿಂದ ಫೇಸ್‌ಬುಕ್‌ನಲ್ಲಿ ಮುಸ್ಲಿಮರ ಹೆಸರು ಹೊತ್ತ ಒಂದು ಪುಟದಿಂದ ಬೈಗುಳದ ಮಳೆ. ಇನ್ನೊಂದು ಕಡೆಯಿಂದ ಹೊಗಳಿಕೆಯ ಮಳೆ. ಬೈದವರ ಬಗ್ಗೆ ನಮಗೆ ಹೇಳಲು ಎರಡು ಮಾತಿಲ್ಲ. ಒಬ್ಬ ಹೆಣ್ಣುಮಗಳ ಹೆತ್ತವರನ್ನೂ ಸೇರಿಸಿ ಹೀಯಾಳಿಸುವುದನ್ನು ಧರ್ಮರಕ್ಷಣೆ ಎಂದು ಕರೆಯುವ ಹಕ್ಕು ಯಾರಿಗೂ ಇಲ್ಲ. ಆಕೆ ಹಾಡಿದ್ದನ್ನು ಒಪ್ಪದವರಿಗೆ ಒಪ್ಪದಿರುವ ಸ್ವಾತಂತ್ರ್ಯ ಇತ್ತು, ನಿಂದಿಸುವ ಸ್ವಾತಂತ್ರ್ಯ ಇರಲಿಲ್ಲ. ಆದರೆ ಹೊಗಳಿದವರಲ್ಲೂ ಆಕೆಯ ಶ್ರುತಿ, ತಾಳ, ಉಸಿರಿನ ಬಗ್ಗೆ ಮಾತಾಡಿದವರು ಎಷ್ಟು ಮಂದಿ? ಆಕೆಯನ್ನು ಸೌಹಾರ್ದದ ಪ್ರತೀಕ ಎಂದರು, ಐಕ್ಯದ ದನಿ ಎಂದರು. ಗಾಯಕಿಯಾಗಲು ಬಂದವಳಿಗೆ ಗಾಯಕಿಯಾಗಿ ಸೋಲುವ ಅಥವಾ ಗೆಲ್ಲುವ ಅವಕಾಶವನ್ನೇ ಈ ಎರಡೂ ಗುಂಪುಗಳು ಕಸಿದುಕೊಂಡವು. 1958ರ ಯೇಸುದಾಸರ ಸುದ್ದಿಯನ್ನು ಗುರುತು ಹಾಕಿಟ್ಟುಕೊಳ್ಳೋಣ ಎಂದದ್ದು ಇದಕ್ಕಾಗಿ.

ಹಾಗಾದರೆ ಸ್ಪರ್ಧೆಯೇ ಬೇಡವೇ? ಮೀಲಾದ್ ಸಂದರ್ಭದಲ್ಲಿ ಕರಾವಳಿಯ ಮದ್ರಸಗಳಲ್ಲಿ ಹಾಡಿದವರು, ಭಾಷಣ ಮಾಡಿದವರು, ಅದಾನ್ ಕರೆದವರು ಎಲ್ಲರಿಗೂ ಒಂದೊಂದು ಸ್ಟೀಲ್ ತಟ್ಟೆಯೋ ಟಿಫಿನ್ ಬಾಕ್ಸೋ ಕೊಟ್ಟು ಕಳಿಸುವುದುಂಟು. ಮಕ್ಕಳ ಮುಖ ಅರಳುತ್ತದೆ, ನೋಡಲು ಚೆನ್ನ. ಪುಟ್ಟ ಮಕ್ಕಳಿಗೆ ಅಷ್ಟೇ ಸಾಕು. ಆದರೆ ಹನ್ನೆರಡು, ಹದಿಮೂರರ ಹುಡುಗನಿಗೆ ಆ ತಟ್ಟೆಯ ಅರ್ಥ ಗೊತ್ತಾಗುತ್ತದೆ, ಅವನಿಗೆ ಅದು ಸಮಾಧಾನ ತರುವುದಿಲ್ಲ. ಸೋಲು ಅವಮಾನವಲ್ಲ. ಪ್ರವಾದಿ(ಸ)ರ ಒಂಟೆ ಅದ್‌ಬಾ ಎಂದೂ ಹಿಂದೆ ಬಿದ್ದದ್ದಿರಲಿಲ್ಲ. ಒಮ್ಮೆ ಒಬ್ಬ ಹಳ್ಳಿಗನ ಒಂಟೆ ಅದನ್ನು ಹಿಂದಿಕ್ಕಿತು. ಸಂಗಾತಿಗಳಿಗೆ ಬೇಸರವಾಯಿತು. ಲೋಕದಲ್ಲಿ ಮೇಲೇರಿದ್ದನ್ನು ಅಲ್ಲಾಹನು ಇಳಿಸದೆ ಬಿಡುವುದಿಲ್ಲ ಎಂಬರ್ಥದ ಮಾತು ಹೇಳಿ ಪ್ರವಾದಿ(ಸ)ರು ಅವರನ್ನು ಸಮಾಧಾನಪಡಿಸಿದರು. ಆ ಸೋಲು ಎಲ್ಲರ ಕಣ್ಣೆದುರು ನಡೆದಿತ್ತು, ಅದರ ಬಗ್ಗೆ ಅನುಮಾನಕ್ಕೆ ಜಾಗವಿರಲಿಲ್ಲ. ಕಣ್ಣಿಗೆ ಕಾಣುವ ಸೋಲನ್ನು ಒಪ್ಪಿಕೊಳ್ಳುವುದು ಸುಲಭ.

ಶಿಕ್ಷಣ ಇಲಾಖೆಯೂ ಮದ್ರಸ ಕಮಿಟಿಗಳೂ ದೊಡ್ಡ ಖರ್ಚಿಲ್ಲದೆ ಮಾಡಬಹುದಾದ ಒಂದು ಕೆಲಸವಿದೆ. ಯಾವುದಕ್ಕೆ ಎಷ್ಟು ಅಂಕ ಎಂಬುದನ್ನು ಸ್ಪರ್ಧೆಯ ಒಂದು ತಿಂಗಳ ಮೊದಲೇ ಶಾಲೆಯ ಗೋಡೆಗೆ ಅಂಟಿಸಲಿ. ವೇಷಭೂಷಣಕ್ಕೆ ಅಂಕ ಇದ್ದರೆ ಅದನ್ನೂ ಹೇಳಲಿ, ಇಲ್ಲದಿದ್ದರೆ ಇಲ್ಲವೆಂದು ಬರೆಯಲಿ. ಸಂಜೆ ಕಡತ ಸೇರುವ ಆ ಹಾಳೆಯ ಕೆಳಗೆ ಪ್ರತಿ ಮಗುವಿನ ಬಗ್ಗೆ ತೀರ್ಪುಗಾರರು ಎರಡು ಸಾಲು ಬರೆಯಲಿ, ಮರುದಿನ ಅದರ ಒಂದು ಪ್ರತಿ ಆ ಮಗುವಿನ ಕೈಗೆ ತಲುಪಲಿ. ಮೂವತ್ತು ಮಕ್ಕಳಿಗೆ ಅರುವತ್ತು ಸಾಲು ಬರೆಯುವುದು ಕಷ್ಟ ಎನ್ನುವ ಶಿಕ್ಷಕರಿದ್ದಾರೆ. ಹೌದು, ಕಷ್ಟ. ಹಾಗಿದ್ದರೆ ಒಂದೇ ದಿನದಲ್ಲಿ ಎಲ್ಲ ಸ್ಪರ್ಧೆಗಳನ್ನು ಮುಗಿಸುವ ಆತುರ ಬಿಟ್ಟು ಎರಡು ದಿನ ಇಟ್ಟುಕೊಳ್ಳಲಿ.