ಅಂಚಿನಲ್ಲಿ ನಿಂತವರು

ನಮ್ಮ ವಾಚನಾಲಯದ ಗೋಡೆಗೆ ಈ ವರ್ಷ ಎರಡು ಕ್ಯಾನ್ವಾಸ್ ಚಿತ್ರ ಬಂದಾವ. ಒಂದು ರವಿವರ್ಮನ ಸರಸ್ವತಿ, ಇನ್ನೊಂದು ನಮ್ಮೂರ ಹಳೇ ಡೊಳ್ಳಿನ ಮೇಳದ ಫೋಟೋ. ಎರಡನ್ನೂ ಸೊಲ್ಲಾಪುರದ ಒಂದು ಅಂಗಡಿಯಲ್ಲಿ ಬಟ್ಟೆಯ ಮೇಲೆ ಮುದ್ರಿಸಿ, ಕಟ್ಟಿಗೆಯ ಚೌಕಟ್ಟಿಗೆ ಬಿಗಿಸಿ ತಂದಾರ. ನೋಡಿದವರೆಲ್ಲ ಭಾಳ ಚಂದ ಆಗೇದ ಅಂತಾರ. ಚಂದ ಆಗೇದ, ಖರೆ. ಆದರೆ ಹೇಗೆ ಬಿಗಿದಾರ ಅನ್ನೋದನ್ನೂ ನೋಡಬೇಕು.

ನಾನು ಡೊಳ್ಳಿನ ಹಾಡು ಹಾಡುವವ. ಹಲಗಿಗೆ ತೊಗಲು ಹಾಕೋದನ್ನು ಸಣ್ಣಂದಿನಿಂದ ಕಂಡೀನಿ. ಒಂದೇ ಕಡೆಯಿಂದ ಎಳಕೊಂತ ಹೋದರೆ ತೊಗಲು ವಾರೆ ಕೂಡ್ತದ, ನಾದ ಕೆಡ್ತದ. ಎದುರು ಬದುರು ಎಳೀಬೇಕು. ಕ್ಯಾನ್ವಾಸಿಗೂ ಅದೇ ಲೆಕ್ಕ. ಮೊದಲು ನಾಲ್ಕೂ ಬದಿಯ ನಟ್ಟನಡುವೆ ಒಂದೊಂದು ಪಿನ್ನು. ಆಮೇಲೆ ನಡುವಿನಿಂದ ಮೂಲೆಯ ಕಡೆಗೆ, ಈ ಬದಿಗೊಂದು ಆ ಬದಿಗೊಂದು. ಮೂಲೆಯ ಬಟ್ಟೆ ಮಡಚೋದು ಕಡೀಕ. ಸರಸ್ವತಿಯನ್ನು ಹೀಗೇ ಬಿಗಿದಿರಬೇಕು. ಬೆರಳಿಂದ ಮೆಲ್ಲಗೆ ಬಡಿದರೆ ಎಲ್ಲಾ ಕಡೆ ಒಂದೇ ಸಪ್ಪಳ. ಮೇಳದ ಚಿತ್ರ ಬಲಗಡೆ ಕೆಳಗೆ ಸಡಿಲ ಐತಿ, ಮಳೆಗಾಲಕ್ಕ ಅಲ್ಲಿ ಹೊಟ್ಟಿ ಬಂದೈತಿ. ಚಿತ್ರ ಬರೆಯುವವರ ಒಳ್ಳೆ ಚೌಕಟ್ಟಿಗೆ ಒಳಮೂಲೆಯಲ್ಲಿ ಸಣ್ಣ ಬೆಣೆ ಇರ್ತಾವ, ಬಟ್ಟೆ ಸಡಿಲಾದರೆ ಅವನ್ನು ಬಡಿದು ಬಿಗಿ ಮಾಡಬಹುದು. ಇದಕ್ಕ ಮೂಲೆಗೆ ಮೊಳೆ ಹೊಡೆದುಬಿಟ್ಟಾರ.

ಅದು ಸಣ್ಣ ಮಾತು. ದೊಡ್ಡ ಮಾತು ಅಂಚಿನದು.

ಮೂಲ ಫೋಟೋದಾಗ ಏಳು ಮಂದಿ ಅದಾರ. ಗೋಡೆಯ ಎದುರು ನಿಂತು ಎಣಿಸಿದರೆ ಐದೇ. ಮುದ್ರಿಸುವಾಗ ಸುತ್ತಲೂ ಖಾಲಿ ಬಟ್ಟೆ ಬಿಡಲಿಲ್ಲ. ಹಂಗಾಗಿ ಒಂದೂವರೆ ಇಂಚು ದಪ್ಪದ ಕಟ್ಟಿಗೆಯ ಮೇಲೆ ಚಿತ್ರವನ್ನೇ ಮಡಚ್ಯಾರ. ಎಡಗಡೆಯ ತಾಳದವರು ಪೂರಾ ಬದಿಗೆ ಹೋದರು. ಬಲಗಡೆಯ ಹಿಮ್ಮೇಳದವರ ಅರ್ಧ ಮುಖ ಬದಿಯಲ್ಲಿ, ಇನ್ನರ್ಧ ಹಿಂದೆ ಪಿನ್ನಿನ ಕೆಳಗೆ. ಮಡಚಿದ ಗೆರೆಯ ಮೇಲೆ ಬಣ್ಣ ಸೀಳಿ ಬಿಳಿ ನೂಲು ಕಾಣ್ತದ. ಆ ಹಿಮ್ಮೇಳದವರ ಹೆಂಡತಿ ಇನ್ನೂ ಅದಾರ. ಅವರ ಮನೆಯಲ್ಲಿ ಗಂಡನ ಬೇರೆ ಫೋಟೋ ಇಲ್ಲ. ಇಲ್ಲಿಗೆ ಬಂದಾಗ ಗೋಡೆಗೆ ಕೆನ್ನೆ ಹಚ್ಚಿ ಬದಿಯಿಂದ ನೋಡ್ತಾರ.

ಸರಸ್ವತಿಗೆ ಈ ತೊಂದರೆ ಆಗಲಿಲ್ಲ. ಆಕೆ ನಡುವೆ ಕುಂತಾಳ, ಮಡಚಿದ್ದು ಹಿನ್ನೆಲೆ ಮಾತ್ರ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಛಾಪಖಾನೆ ಹಾಕಿದ ಮೇಲೆ ಇಂಥ ದೇವರ ಚಿತ್ರ ಕಾಗದದ ಮೇಲೆ ಮನೆಮನೆಗೆ ಬಂದವು. ಗಾಜಿನ ಚೌಕಟ್ಟು ಹಾಕಿಸುತ್ತಿದ್ದರು, ಕೆಲವರು ಸೀರೆಗೆ ಜರಿ ಅಂಟಿಸುತ್ತಿದ್ದರು. ಗಾಜಿನ ಮೇಲೆ ಟ್ಯೂಬ್‌ಲೈಟ್ ಹೊಳೆದು ಮುಖ ಕಾಣೋದಿಲ್ಲ, ಕ್ಯಾನ್ವಾಸಿನಲ್ಲಿ ಆ ಕಾಟ ಇಲ್ಲ. (ದೀಪದ ಹೊಗೆ ಕೂತರೆ ಮಾತ್ರ ಗಾಜಿನಂಗ ಒರೆಸಲಿಕ್ಕೆ ಬರೋದಿಲ್ಲ. ಊದಿನಕಡ್ಡಿ ದೂರ ಇಡ್ರಿ.)

ಅಂಗಡಿಯವರಿಗೆ ಮೇಳದ ಫೋಟೋನೂ ಸರಸ್ವತಿಯಂಗ ಕಂಡಿರಬೇಕು: ನಡುವೆ ಮುಖ್ಯದವರು, ಬದಿಗೆ ಸುಮ್ಮನೆ ಜಾಗ. ಮೇಳ ಹಂಗಲ್ಲ. ಮುಂದಾಳು ಉಸಿರು ತಗೊಳ್ಳೋದೇ ಹಿಮ್ಮೇಳದವರು ನುಡಿ ಎತ್ತಿ ಹಿಡಿದಾಗ. ಅವರು ಯಾವಾಗಲೂ ಅಂಚಿಗೇ ನಿಲ್ಲೋದು.

ಮೂಲ ಫೋಟೋ ಇನ್ನೂ ಕಪಾಟಿನಲ್ಲಿದೆ. ಮತ್ತೊಮ್ಮೆ ಮುದ್ರಿಸಲಿ. ನಾಲ್ಕೂ ಕಡೆ ಮೂರು ಮೂರು ಇಂಚು ಖಾಲಿ ಬಟ್ಟೆ ಬಿಡಿಸಿ, ಏಳೂ ಮುಖ ಎದುರಿಗೆ ಬರುವಂಗ ಅಳತೆ ಬರೆದುಕೊಟ್ಟು ಬರಬೇಕು. ಖರ್ಚಿನ ಅರ್ಧ ನಾನು ಕೊಡ್ತೀನಿ.